ಅತ್ತಿಮರದಹುಂಡಿಗೆ ಬಂದ ಚಂಡಮಾರುತ

ಇಡ್ಲಿ ಸ್ವಲ್ಪ ಆರಿದ್ದಿದ್ದರೆ ಗ್ರಾಮಲೆಕ್ಕಿಗ ನಂಜುಂಡಸ್ವಾಮಿ ಆ ದಿನ ಹನ್ನೊಂದು ಗಂಟೆಗೆಲ್ಲ ಮನೆಯ ಬಸ್ಸು ಹತ್ತಿಬಿಡುತ್ತಿದ್ದ.

ಆದರೆ ತಾಲ್ಲೂಕು ಆಫೀಸಿನ ಗುಮಾಸ್ತ ನಿಂಗರಾಜುಗೆ ಇಡ್ಲಿ ಎಂದರೆ ಹಬೆಯಾಡುತ್ತಿರಬೇಕು. ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಪೊಟ್ಟಣ ಅಂಗೈ ಸುಡುತ್ತಿದ್ದುದರಿಂದ, ಬಾಗಿಲು ದಾಟಿದವನೇ ಕಣ್ಣಿಗೆ ಕಂಡ ಮೊದಲ ಮೇಜಿನ ಮೇಲೆ ಅದನ್ನು ಧೊಪ್ಪೆಂದು ಬಿಟ್ಟ. ಆ ಮೇಜಿನ ಮೇಲೆ ಆಗತಾನೇ ಫ್ಯಾಕ್ಸ್ ಮೆಷಿನ್ನು ಉಗುಳಿದ್ದ ಮೂರು ಹಾಳೆಗಳಿದ್ದವು. ಮೆಷಿನ್ನು ಬಂದು ಹೆಚ್ಚು ದಿನವಾಗಿರಲಿಲ್ಲ. ಅದಕ್ಕೆ ದಿನಾ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗುತ್ತಿದ್ದರೇ ಹೊರತು, ಅದರ ಕಾಗದಕ್ಕೆ ಬಿಸಿ ತಾಗಬಾರದು ಎಂಬುದನ್ನು ಯಾರೂ ಯಾರಿಗೂ ಹೇಳಿರಲಿಲ್ಲ. ನಿಂಗರಾಜು ಕೈ ತೊಳೆದುಕೊಂಡು ಬಂದು ಪೊಟ್ಟಣ ಎತ್ತುವಷ್ಟರಲ್ಲಿ ಮೇಲಿನ ಹಾಳೆ ಸೀದ ರೊಟ್ಟಿಯ ಹಾಗೆ ಕರ್ರಗಾಗಿತ್ತು. ಕೆಳಗಿನ ಎರಡು ಮಾತ್ರ ಬೆಳ್ಳಗಿದ್ದವು.

ಅದೇ ಹೊತ್ತಿಗೆ ಒಳಕೋಣೆಯಲ್ಲಿ ನಂಜುಂಡಸ್ವಾಮಿ ತಹಸೀಲ್ದಾರರ ಎದುರು, ಹೆರಿಗೆ ಕೋಣೆಯ ಮುಂದೆ ಕಾಯುವ ಗಂಡನ ಹಾಗೆ ನಿಂತಿದ್ದ. ಅವನ ಮನೆ ನಂಜನಗೂಡಿನಲ್ಲಿ. ಆರು ವರ್ಷದಿಂದ ಕೆಲಸ ಮಾತ್ರ ಕಪಿಲೆಯ ದಡದ ಅತ್ತಿಮರದಹುಂಡಿ ಎಂಬ ಹಳ್ಳಿಯಲ್ಲಿ. ಬೆಳಿಗ್ಗೆ ಆರಕ್ಕೆ ನರಸೀಪುರದ ಬಸ್ಸು ಹತ್ತಬೇಕು, ನಡುವೆ ಇಳಿದು ಇನ್ನೊಂದಕ್ಕೆ ಕಾಯಬೇಕು, ಅದರಿಂದ ಇಳಿದು ಮೂರು ಕಿಲೋಮೀಟರ್ ನಡೆಯಬೇಕು. ಈ ಆರು ವರ್ಷದಲ್ಲಿ ಅವನು ಬಿಸಿ ಊಟ ಕಂಡದ್ದು ಭಾನುವಾರಗಳಲ್ಲಿ ಮಾತ್ರ. ಈಗ, ಎಷ್ಟೋ ಬಾಗಿಲು ಕಾದ ಮೇಲೆ, ನಂಜನಗೂಡಿಗೇ ವರ್ಗವಾಗಿತ್ತು. ಹೊಸ ಕುರ್ಚಿ ಮನೆಯಿಂದ ನಾನೂರ ಹದಿನೇಳು ಹೆಜ್ಜೆ. ಆದೇಶ ಬಂದ ಸಂಜೆಯೇ ಅವನು ನಡೆದು ಎಣಿಸಿದ್ದ. ಷರತ್ತು ಒಂದೇ: ಇವತ್ತು ಸಂಜೆಯೊಳಗೆ ಇಲ್ಲಿಂದ ಬಿಡುಗಡೆಯಾಗಿ, ನಾಳೆ ಬೆಳಿಗ್ಗೆ ಅಲ್ಲಿ ಹಾಜರಾಗಬೇಕು. ತಪ್ಪಿದರೆ ಆದೇಶ ರದ್ದು. ಆ ಕುರ್ಚಿಯ ಹಿಂದೆ ಇನ್ನೂ ಮೂವರು ಸಾಲಾಗಿ ನಿಂತಿದ್ದರು.

ಸಾಹೇಬರು ಬಿಡುಗಡೆಯ ಕಾಗದವನ್ನು ಎರಡು ಸಲ ಓದಿ, ಪೆನ್ನಿನ ಮುಚ್ಚಳ ತೆಗೆದು, ಮೊನೆಯನ್ನು ಇನ್ನೇನು ಕಾಗದಕ್ಕೆ ಊರಬೇಕು, ಅಷ್ಟರಲ್ಲಿ ನಿಂಗರಾಜು ಓಡಿ ಬಂದ.

“ಸಾರ್, ಫ್ಯಾಕ್ಸು! ಅರ್ಜೆಂಟ್ ಅಂತ ಬರ್ದಿದೆ!”

ಪೆನ್ನು ಗಾಳಿಯಲ್ಲೇ ನಿಂತಿತು. ಸಾಹೇಬರು ಓದತೊಡಗಿದರು.

“‘ತೀವ್ರ ಸ್ವರೂಪದ ಚಂಡಮಾರುತ ಹಾಗೂ ಭಾರಿ ಮಳೆಯ ಸಂಭವವಿದ್ದು, ತಗ್ಗು ಪ್ರದೇಶಗಳು ಜಲಾವೃತಗೊಳ್ಳಬಹುದಾಗಿದೆ. ಸಮುದ್ರಕ್ಕೆ ಇಳಿದಿರುವ ಮೀನುಗಾರರನ್ನು ಕೂಡಲೇ ದಡಕ್ಕೆ ಕರೆಸತಕ್ಕದ್ದು. ದಡದಿಂದ ಐನೂರು ಮೀಟರಿನೊಳಗಿನ ನಿವಾಸಿಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಿ, ಊಟೋಪಚಾರ ಮಾಡಿ, ಲಗತ್ತಿಸಿದ ನಮೂನೆಯಲ್ಲಿ ಸಂಜೆ ನಾಲ್ಕೂವರೆಯೊಳಗೆ ವರದಿ ಕಳಿಸತಕ್ಕದ್ದು. ತಪ್ಪಿದಲ್ಲಿ...’”

ತಪ್ಪಿದಲ್ಲಿ ಏನು ಎಂಬುದನ್ನು ಸಾಹೇಬರು ಮನಸ್ಸಿನಲ್ಲೇ ಓದಿಕೊಂಡರು. ಓದಿದಂತೆ ಅವರ ಮುಖ ಸುಣ್ಣ ಹೊಡೆದ ಗೋಡೆಯಾಯಿತು.

ನಂಜುಂಡಸ್ವಾಮಿ ಕಿಟಕಿಯಾಚೆ ನೋಡಿದ. ಆಕಾಶ ಒರೆಸಿಟ್ಟ ತಟ್ಟೆಯಂತಿತ್ತು. ಆಫೀಸಿನ ಮುಂದಿನ ಹೊಂಗೆಮರದ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ನಾಯಿಯೊಂದು ಬಿಸಿಲು ತಾಳಲಾರದೆ ಸಾಹೇಬರ ಜೀಪಿನ ಕೆಳಗೆ ನಾಲಿಗೆ ಚಾಚಿ ಮಲಗಿತ್ತು.

“ಸಾರ್, ನಮ್ಮ ತಾಲ್ಲೂಕಲ್ಲಿ ಸಮುದ್ರ...” ಎಂದ ಮೆಲ್ಲಗೆ.

“ಇಲ್ಲ ಅಂತ ನನಗೂ ಗೊತ್ತು ಕಣ್ರೀ. ಯಾರ್ಯಾರಿಗೆ ಕಳ್ಸಿದಾರೆ, ಯಾಕೆ ಕಳ್ಸಿದಾರೆ ಅನ್ನೋದೆಲ್ಲ ಮೊದಲನೇ ಪುಟದಲ್ಲಿರತ್ತೆ. ಎಲ್ರೀ ಮೊದಲನೇ ಪುಟ?”

ನಿಂಗರಾಜು ಕರೀ ಹಾಳೆ ಮುಂದಿಟ್ಟ. “ಇದೇ ಸಾರ್. ಮೇಲಿಂದ್ಲೇ ಹಿಂಗ್ ಬಂದಿದೆ.”

ಹಾಳೆಯಿಂದ ಸಾಂಬಾರಿನ ಘಮ ಬರುತ್ತಿತ್ತು. ಸಾಹೇಬರು ಮೂಸಿ, ಅದನ್ನು ಪಕ್ಕಕ್ಕೆ ಸರಿಸಿದರು.

“ಫೋನ್ ಮಾಡಿ ಕೇಳಿದ್ರೆ ಸಾರ್?” ಎಂದ ನಂಜುಂಡಸ್ವಾಮಿ.

“ಏನಂತ ಕೇಳ್ಲಿ? ನೀವು ಕಳಿಸಿದ ತುರ್ತು ಕಾಗದದ ಮೇಲೆ ನಮ್ಮೋರು ತಿಂಡಿ ತಿಂದ್ರು, ಇನ್ನೊಂದ್ಸಲ ಕಳಿಸಿ ಅಂತಲಾ? ಬಂದ ಕಾಗದಕ್ಕೆ ಉತ್ತರ ಕೊಡಬೇಕ್ರೀ, ಪ್ರಶ್ನೆ ಹಾಕಬಾರದು. ಇಪ್ಪತ್ತೆರಡು ವರ್ಷ ಸರ್ವಿಸ್ ಮಾಡಿದ್ದು ಹೀಗೇ ನಾನು.” ಸಾಹೇಬರು ಕುರ್ಚಿಗೆ ಒರಗಿ ಸ್ವಲ್ಪ ಯೋಚಿಸಿದರು. “ನಿಮ್ಮ ಹಳ್ಳಿ ಹೊಳೆ ದಡದಲ್ಲೇ ಅಲ್ವಾ ಇರೋದು? ಕಪಿಲೆ ಹೋಗಿ ಎಲ್ಲಿಗೆ ಸೇರತ್ತೆ?”

“ಕಾವೇರಿಗೆ ಸಾರ್.”

“ಕಾವೇರಿ?”

“ಸಮುದ್ರಕ್ಕೆ ಸಾರ್.”

“ಮತ್ತೆ? ನಮಗೂ ಸಮುದ್ರಕ್ಕೂ ಸಂಬಂಧ ಇಲ್ಲ ಅಂತ ಹೆಂಗ್ರೀ ಹೇಳ್ತೀರಿ?” ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಆ ಟಕ್ಕೆಂಬ ಸದ್ದು ನಂಜುಂಡಸ್ವಾಮಿಯ ಎದೆಯೊಳಗೇ ಆದಂತಾಯಿತು. “ಮೀನುಗಾರರ ಸಹಿ ಇರೋ ಪಕ್ಕಾ ವರದಿ ತಗೊಂಡ್ ಬನ್ನಿ. ನನ್ನ ಸಹಿ ತಗೊಂಡ್ ಹೋಗಿ.”

ನಂಜುಂಡಸ್ವಾಮಿ ಹುಂಡಿಗೆ ಬಂದು ಮುಟ್ಟಿದಾಗ ಹನ್ನೊಂದೂಮುಕ್ಕಾಲು. ಮೂರು ಕಿಲೋಮೀಟರ್ ನಡಿಗೆಯಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಗ್ರಾಮ ಸಹಾಯಕ ಸಿದ್ದಯ್ಯ ಅರಳಿಕಟ್ಟೆಯ ನೆರಳಲ್ಲಿ ಟವೆಲ್ಲು ಬೀಸಿಕೊಳ್ಳುತ್ತ ಕೂತಿದ್ದ. ವಿಷಯ ಕೇಳಿದವನೇ ಎದ್ದು, ಆಕಾಶವನ್ನು ನಾಲ್ಕು ದಿಕ್ಕಿಗೂ ನೋಡಿದ.

“ಸಾ, ಯಾವ್ ಕಡಯಿಂದ ಬತ್ತದಂತ?”

“ಅದು ಮೊದಲನೇ ಪುಟದಲ್ಲಿತ್ತು. ನೀನು ಸುಮ್ನೆ ಕೂಗು ಸಿದ್ದಯ್ಯ.”

ಸಿದ್ದಯ್ಯ ಕೂಗಿದ. ಕೆಳಗಿನ ಬೀದಿಯ ಉದ್ದಕ್ಕೂ, “ಕೇಳ್ರಪ್ಪೋ! ಬಿರುಗಾಳಿ ಬತ್ತದಂತೆ! ವೊಳ ಉಕ್ತದಂತೆ! ಎಲ್ಲಾರೂ ಮಕ್ಳು ಮರಿ ಕಟ್ಕೊಂಡು ಇಸ್ಕೂಲ್‌ತಕ್ಕ ನಡೀಬೇಕಂತ್ರಪ್ಪೋ!” ಎಂದು ಸಾರಿಕೊಂಡು ಹೋದ. ಕೂಗಿ ಕೂಗಿ ಬಾಯಾರಿ, ಮೂರನೆಯ ಮನೆಯಲ್ಲಿ ಮಜ್ಜಿಗೆ ಕೇಳಿ ಕುಡಿದ.

ಮೊದಲು ಎದ್ದು ಬಂದವಳು ಪುಟ್ಟಬಸಮ್ಮ. ಎಪ್ಪತ್ತರ ಮುದುಕಿ. ಬೀದಿಗೆ ಚಾಪೆ ಹಾಕಿ ಉದ್ದು ಒಣಗಿಸಿಕೊಂಡಿದ್ದವಳು ಮೊರ ಹಿಡಿದೇ ಬಂದಳು.

“ಏನಪ್ಪ ಸ್ವಾಮಿ, ಗಾಳಿ ಬತ್ತದಂತಲ್ಲ. ಯಾವ್ ವೊತ್ಗ ಬತ್ತದ ಸರಿಯಾಗಿ ಏಳು. ಎಲ್ಡ್ ದಿನದಿಂದ ಉದ್ದು ತೂರಕ್ಕ ಒಂದೆಳ ಗಾಳಿ ಇಲ್ಲ.”

“ಅಜ್ಜಿ, ಇದು ತೂರೋ ಗಾಳಿ ಅಲ್ಲ. ಮನೆ ಹಾರಿಸೋ ಗಾಳಿ.”

“ಮನ ಆರುಸ್ತದಾ?” ಮುದುಕಿಯ ಮುಖ ಅರಳಿತು. “ಆರ್ಲಿ ಬುಡಪ್ಪ. ವೊಸ ಮನ ಕೊಡಿ ಅಂತ ಮೂರ್ ವರ್ಸದಿಂದ ನಿನ್ ಕೈಗೇ ಅರ್ಜಿ ಕೊಟ್ಟಿವ್ನಿ. ‘ಬಿದ್ದಿರೋ ಮನಗೇ ಮೊದ್ಲು ಅಜ್ಜಿ’ ಅಂದಿದ್ದಿ. ಬೀಳ್ಲಿ, ನಾ ಇಲ್ಲೇ ಕೂತು ನೋಡ್ತೀನಿ.”

ಅಷ್ಟರಲ್ಲಿ ಬೀದಿಯೇ ನೆರೆಯಿತು. ನಡುವೆ ಪಂಚಾಯ್ತಿ ಮೆಂಬರ್ ಮಂಟೇಸ್ವಾಮಿ, ಬಿಳಿ ಅಂಗಿ, ಹೆಗಲ ಮೇಲೆ ಬಿಳಿ ಟವೆಲ್ಲು. ಕಾಗದವನ್ನು ಇಸಿದುಕೊಂಡು ಓದಿ, ಮಡಿಸಿ, ವಾಪಸು ಕೊಟ್ಟ.

“ಸಾ, ಆಸಾಡದಲ್ಲಿ ವೊಳ ತುಂಬಿ ಈ ಬೀದಿಗ ನೀರು ನುಗ್ತು. ನಂ ಅಟ್ಟಿ ಬಾಗ್ಲಲ್ಲಿ ತೆಪ್ಪ ಕಟ್ಟಿದ್ವಿ. ಆಗ ನೀರು ಬಂತು, ಕಾಗ್ದ ಬರ್ಲಿಲ್ಲ. ಈಗ ಕಾಗ್ದ ಬಂದದ, ನೀರು ಬಂದಿಲ್ಲ. ಇವೆಲ್ಡೂ ಒಟ್ಗ ಬರೋದು ಯಾವಾಗ ಸಾ?”

ಜನ ಗೊಳ್ಳೆಂದಿತು. ನಂಜುಂಡಸ್ವಾಮಿ ಕಾಗದವನ್ನು ಜೇಬಿಗಿಟ್ಟ. ಗಡಿಯಾರ ನೋಡಿಕೊಂಡ: ಹನ್ನೆರಡೂ ಕಾಲು. ಸರ್ಕಾರಿ ಮಾತು ಇನ್ನು ನಡೆಯುವುದಿಲ್ಲ ಎನ್ನಿಸಿ, ಅರಳಿಕಟ್ಟೆಯ ಮೇಲೆ ಕುಸಿದು ಕೂತು, ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಇಡ್ಲಿ, ಕರೀ ಹಾಳೆ, ಮುಚ್ಚಳ ಹಾಕಿಕೊಂಡ ಪೆನ್ನು, ನಾನೂರ ಹದಿನೇಳು ಹೆಜ್ಜೆ, ನಾಳೆಯಿಂದ ಮಧ್ಯಾಹ್ನ ಗಂಡನಿಗೆ ಬಿಸಿ ಸಾರು ಬಡಿಸುತ್ತೇನೆಂದು ಬೀದಿಗೆಲ್ಲ ಸಾರಿಕೊಂಡಿರುವ ಹೆಂಡತಿ ಹೇಮಲತಾ, ಯಾವುದನ್ನೂ ಬಿಡಲಿಲ್ಲ. 

ಪುಟ್ಟಬಸಮ್ಮ ಮೊರ ಕೆಳಗಿಟ್ಟಳು.

“ಅಯ್ಯೋ ಇವ್ನ! ಇದ ಮೊದ್ಲೇ ಏಳ್ಬಾರ್ದಾ ಸಾ?” ಎಂದ ಮಂಟೇಸ್ವಾಮಿ. “ಆರು ವರ್ಸ ಜಮೀನಿನ ಪಾಣಿ ಕೊಡಕ್ಕ ಸತಾಯಿಸಿದ್ರೂ ನಂ ಸಾಹೇಬ್ರೇ ಅಲ್ವಾ ನೀವು? ನಿಮ್ಗೋಸ್ಕರ ನಾವು ಒಂದಿನ ಮುಳುಗ್ದೇ ಓದಾವಾ? ಲೇ, ಏಳ್ರಲಾ! ನಡೀರಿ ಇಸ್ಕೂಲ್‌ಗ! ಪ್ರವಾಹದ ಊಟನೂ ಆಯ್ತದ, ಸಾಹೇಬ್ರ ಬೀಳ್ಕೊಡುಗೆನೂ ಆಯ್ತದ!”

ಅಲ್ಲಿಂದ ಮುಂದಿನದು ನಂಜುಂಡಸ್ವಾಮಿಯ ಕೈಮೀರಿತು. ದಸರಾ ರಜೆಯಿಂದಾಗಿ ಶಾಲೆಗೆ ಬೀಗ ಹಾಕಿತ್ತು. ಬಿಸಿಯೂಟ ಮಾಡುವ ರಾಮಮ್ಮ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚುತ್ತ, “ಒಲೆ ಕೊಡ್ತೀನಿ, ಪಾತ್ರ ಕೊಡ್ತೀನಿ. ಮಕ್ಳ ಅಕ್ಕಿ ಒಂದ್ ಕಾಳೂ ಮುಟ್ಟಕೂಡ್ದು” ಎಂದು ಬಾಗಿಲಿಗೆ ಅಡ್ಡ ನಿಂತಳು. ಆದ್ದರಿಂದ ಪ್ರವಾಹ ಸಂತ್ರಸ್ತರು ತಲೆಗೊಂದು ಸೇರು ಅಕ್ಕಿ, ಕಂಕುಳಲ್ಲಿ ಬದನೆಕಾಯಿ, ಕೈಯಲ್ಲಿ ಸೌದೆ ಹಿಡಿದುಕೊಂಡು ಸಾಲಾಗಿ ಬಂದರು. ತಮ್ಮ ಪರಿಹಾರವನ್ನು ತಾವೇ ಹೊತ್ತು ತಂದ ಸಂತ್ರಸ್ತರನ್ನು ನಂಜುಂಡಸ್ವಾಮಿ ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

“ಪಾಯ್ಸ ಬೇಡ್ವಾ?” ಎಂದರು ಯಾರೋ.

“ಬೀಳ್ಕೊಡುಗೆ ಅಂದ್ಮೇಲೆ ಪಾಯ್ಸ ಇಲ್ದೆ ಇದ್ದಾದಾ?” ಎಂದ ಮಂಟೇಸ್ವಾಮಿ. ಬೆಲ್ಲಕ್ಕೆ ಸೈಕಲ್ಲು ಓಡಿತು. ಸೈಕಲ್ಲು ಓಡಿದ ದಾರಿಯಲ್ಲಿ ಸುದ್ದಿಯೂ ಓಡಿತು. ಒಂದೂವರೆಯ ಹೊತ್ತಿಗೆ ಮೇಲಿನ ಬೀದಿಯವರು, ಪಕ್ಕದ ಹುಂಡಿಯವರು, ಮೂಗೂರಿನಿಂದ ಮಗಳ ಮನೆಗೆ ಬಂದಿದ್ದ ಬೀಗರು, ಕೊನೆಗೆ ನದಿಯಿಂದ ನಾಲ್ಕು ಮೈಲಿ ದೂರದ ಊರಿನ ಇಬ್ಬರು ಎಮ್ಮೆ ದಲ್ಲಾಳಿಗಳು ಕೂಡ ಐನೂರು ಮೀಟರಿನೊಳಗಿನ ನಿವಾಸಿಗಳಾಗಿ ಪಂಕ್ತಿಯಲ್ಲಿ ಕೂತಿದ್ದರು.

ಪುಟ್ಟಬಸಮ್ಮನೂ ಬಂದಳು. ಒಣಗಿದ ಉದ್ದನ್ನು ಮೂಟೆ ಕಟ್ಟಿಸಿ, ಸಿದ್ದಯ್ಯನ ತಲೆಯ ಮೇಲೆ ಹೊರಿಸಿಕೊಂಡೇ ಬಂದಳು. “ಸರ್ಕಾರ ಸಾಗ್ಸು ಅಂದಿಲ್ವಾ? ಸಾಗ್ಸು” ಎಂದಳು.

ಊಟದ ವಾಸನೆ ಹೊಳೆಯವರೆಗೂ ಹೋಗಿರಬೇಕು. ಊರಿನಲ್ಲಿ ತೆಪ್ಪ ಹಾಕಿ ಮೀನು ಹಿಡಿಯುವವರು ಐದು ಜನ. ಅದರಲ್ಲಿ ನಾಲ್ವರು ತಾವಾಗಿಯೇ ದಡ ಹತ್ತಿ ಬಂದು, ನಮೂನೆಯ ಮೇಲೆ ಹೆಬ್ಬೆಟ್ಟು ಒತ್ತಿ, ಆ ಮಸಿಗೈಯನ್ನು ತೊಳೆಯದೆ ಎಲೆಯ ಮುಂದೆ ಕೂತರು.

“ಐದನೆಯವನೆಲ್ಲಿ?” ಎಂದ ನಂಜುಂಡಸ್ವಾಮಿ.

“ಚಿಕ್ಕಮಾದು ಬರಾಕಿಲ್ಲ ಸಾ” ಎಂದ ಒಬ್ಬ. “ಇವತ್ತು ಬಲಗ ಬಾಳೆಮೀನು ಸಿಕ್ತಾ ಅದ. ಅವ್ನು ಅವ್ನಪ್ಪ ಕರುದ್ರೂ ಬರಾಕಿಲ್ಲ.”

ಗಂಟೆ ಎರಡೂಕಾಲು. ನಂಜುಂಡಸ್ವಾಮಿ ಎಲೆ ಬಿಟ್ಟು ಹೊಳೆಯ ಕಡೆ ಓಡಿದ. ಕಪಿಲೆ ಹಸುವಿನಂತೆ ಸಾಧುವಾಗಿ ಹರಿಯುತ್ತಿದ್ದಳು. ನಡುನೀರಿನಲ್ಲಿ ದುಂಡನೆಯ ತೆಪ್ಪ, ಅದರೊಳಗೆ ತಲೆಗೆ ಟವೆಲ್ಲು ಸುತ್ತಿದ ಚಿಕ್ಕಮಾದು.

“ಚಿಕ್ಕಮಾದೂ! ಬೇಗ ದಡಕ್ಕೆ ಬಾ! ಚಂಡಮಾರುತ!”

“ಯಾರ್ ಸಾ ಅವ್ರು?”

“ಯಾರೂ ಅಲ್ಲ ಕಣಯ್ಯ, ಗಾಳಿ, ಬಿರುಗಾಳಿ! ಬಂದು ಒಂದು ಹೆಬ್ಬೆಟ್ಟು ಹಾಕಿ ಹೋಗು!”

“ಗಾಳಿ ಬಂದೇಟ್ಗೆ ಬತ್ತೀನಿ ಸಾ! ಈಗ ಬಲ ಬುಟ್ಟಿವ್ನಿ, ಮೀನು ಚದುರ್ತವ, ಕೂಗ್ಬ್ಯಾಡಿ!”

“ನಾಲ್ಕೂವರೆಗೆ ವರದಿ ಕೊಡ್ಬೇಕು ಕಣೋ! ನನ್ನ ಟ್ರಾನ್ಸ್‌ಫರ್ ಹೋಗತ್ತೆ!”

“ಅಂಗಾರ ನೀವೇ ಬನ್ನಿ ಸಾ ಇಲ್ಗ! ಎಬ್ಬೆಟ್ಟು ನನ್ ತಾವೇ ಅದ!”

ದಡದಲ್ಲಿ ಇನ್ನೊಂದು ತೆಪ್ಪ ಕವುಚಿ ಬಿದ್ದಿತ್ತು. ಹಿಂದೆಯೇ ಬಂದಿದ್ದ ಸಿದ್ದಯ್ಯ, ತಾನು ಚಿಕ್ಕಂದಿನಲ್ಲಿ ಹುಟ್ಟು ಹಾಕಿ ಗೊತ್ತು ಎಂದ. ಎಷ್ಟು ಚಿಕ್ಕಂದಿನಲ್ಲಿ ಎಂದು ಕೇಳುವ ವ್ಯವಧಾನ ನಂಜುಂಡಸ್ವಾಮಿಗೆ ಇರಲಿಲ್ಲ. ಇಬ್ಬರೂ ಹತ್ತಿದರು. ತೆಪ್ಪ ಮೊದಲು ಬಲಕ್ಕೆ ಸುತ್ತಿತು. ಆಮೇಲೆ ಎಡಕ್ಕೆ ಸುತ್ತಿತು. ಆಮೇಲೆ ರಾಗಿ ಬೀಸುವ ಕಲ್ಲಿನಂತೆ ನಿಂತಲ್ಲೇ ಗಿರ್ರನೆ ತಿರುಗತೊಡಗಿತು. ನಂಜುಂಡಸ್ವಾಮಿಯ ಕಣ್ಣ ಮುಂದೆ ಹುಂಡಿ, ಹೊಳೆ, ಚಿಕ್ಕಮಾದು, ಮತ್ತೆ ಹುಂಡಿ, ಹೊಳೆ, ಚಿಕ್ಕಮಾದು ಹಾದುಹೋದರು.

“ನಿಲ್ಸೋ ಸಿದ್ದಯ್ಯಾ!”

“ಸುರು ಮಾಡೋದು ಗೊತ್ತು ಸಾ, ನಿಲ್ಸೋದು ಕಲ್ತಿಲ್ಲ!”

ಆರನೆಯ ಸುತ್ತಿಗೆ ನಂಜುಂಡಸ್ವಾಮಿ ಎದ್ದು ನಿಂತ. ತೆಪ್ಪದಲ್ಲಿ ಎದ್ದು ನಿಲ್ಲಬಾರದು. ಮರುಗಳಿಗೆ ಅವನು ನೀರಿನಲ್ಲಿದ್ದ. ಕಾಲಿಗೆ ಕೆಸರು ಸಿಕ್ಕಿತು, ಆದರೆ ನೀರು ಮೂಗಿನವರೆಗೂ ಇತ್ತು. ಒಂದು ಕೈ ಮಾತ್ರ ಮೇಲಿತ್ತು. ಆ ಕೈಯಲ್ಲಿ ನಮೂನೆಯ ಕಾಗದ, ಒಂದು ಹನಿಯೂ ತಾಗದೆ, ಬಾವುಟದಂತೆ ಎದ್ದು ನಿಂತಿತ್ತು.

“ಅಯ್ಯಯ್ಯಪ್ಪೋ! ಸಾಹೇಬ್ರು ಓದ್ರಲ್ಲಪ್ಪೋ!” ಚಿಕ್ಕಮಾದು ಬಲೆ ಬಿಟ್ಟ, ಬಾಳೆಮೀನು ಬಿಟ್ಟ, ನಾಲ್ಕೇ ಎಳೆತಕ್ಕೆ ಹತ್ತಿರ ಬಂದು, ನಂಜುಂಡಸ್ವಾಮಿಯ ಕಾಲರ್ ಹಿಡಿದು ಬುಟ್ಟಿಗೆ ಮೀನು ಹಾಕುವಂತೆ ತೆಪ್ಪದೊಳಕ್ಕೆ ಎಳೆದುಕೊಂಡ. ದಡಕ್ಕೆ ಒಯ್ದು ಇಳಿಸಿದ. ಅವನ ಹಿಂದೆಯೇ ಸಿದ್ದಯ್ಯನ ಖಾಲಿ ತೆಪ್ಪವನ್ನೂ, ತೆಪ್ಪಕ್ಕೆ ಜೋತುಬಿದ್ದಿದ್ದ ಸಿದ್ದಯ್ಯನನ್ನೂ ಎಳೆದು ತಂದ.

ನಂಜುಂಡಸ್ವಾಮಿ ಕೆಮ್ಮಿದ, ಉಗುಳಿದ, ಕಣ್ಣೊರೆಸಿಕೊಂಡು ನೋಡಿದ. ಚಿಕ್ಕಮಾದು ದಡದ ಮೇಲೆ ನಿಂತಿದ್ದ.

“ಚಿಕ್ಕಮಾದು, ನೀನೀಗ ಎಲ್ಲಿದ್ದೀಯ?”

“ದಡದಲ್ಲಿ ಸಾ. ಯಾಕ್ ಸಾ, ಕಣ್ ಕಾಣ್ತಾ ಇಲ್ವಾ?”

“ಹೆಬ್ಬೆಟ್ಟು ಹಾಕು.”

ನಮೂನೆ ತುಂಬಿಸಿದ್ದು ಶಾಲೆಯ ಜಗಲಿಯ ಮೇಲೆ, ಒದ್ದೆ ಪ್ಯಾಂಟಿನಲ್ಲಿ ಕೂತು. ನಂಜುಂಡಸ್ವಾಮಿಯ ಅಕ್ಷರ ಇಡೀ ತಾಲ್ಲೂಕಿಗೆ ಮುದ್ದು. ದಡಕ್ಕೆ ಕರೆಸಿದ ಮೀನುಗಾರರು: ಐವರು, ಸಹಿ ಸಮೇತ. ಸಾಗಿಸಿದ ಜನ: ಇನ್ನೂರ ಅರವತ್ತೊಂದು, ಎಮ್ಮೆ ದಲ್ಲಾಳಿಗಳು ಸೇರಿ. ಊಟೋಪಚಾರ: ಅನ್ನ, ಬದನೆಕಾಯಿ ಸಾರು, ಪಾಯಸ. ‘ಅಲೆಗಳ ಎತ್ತರ’ ಎಂಬಲ್ಲಿಗೆ ಬಂದು ಪೆನ್ನು ತಡೆಯಿತು.

“ನಿಮ್ ಮೂಗ್ ಗಂಟ ಇತ್ತಲ್ಲ ಸಾ” ಎಂದ ಸಿದ್ದಯ್ಯ, ತಲೆ ಒರೆಸಿಕೊಳ್ಳುತ್ತ.

‘ಸುಮಾರು ಐದು ಅಡಿ’ ಎಂದು ಬರೆದ. ‘ಕೈಗೊಂಡ ರಕ್ಷಣಾ ಕಾರ್ಯ’ ಎಂಬಲ್ಲಿ, ‘ಕೊನೆಯ ಮೀನುಗಾರನು ಬರಲು ಒಪ್ಪದಿದ್ದ ಕಾರಣ ಸಂಬಂಧಪಟ್ಟ ಗ್ರಾಮಲೆಕ್ಕಿಗರು ಜೀವದ ಹಂಗು ತೊರೆದು ಖುದ್ದಾಗಿ ನೀರಿಗಿಳಿದು ಸದರಿಯವರನ್ನು ದಡ ಸೇರುವಂತೆ ಮಾಡಿರುತ್ತಾರೆ’ ಎಂದು ಬರೆದ. ಪ್ರಾಣಹಾನಿ: ಇಲ್ಲ. ಬರೆದದ್ದನ್ನು ಓದಿಕೊಂಡ. ಎಲ್ಲೂ ಒಂದು ಅಕ್ಷರ ಸುಳ್ಳಿರಲಿಲ್ಲ. ಆಕಾಶ ಹೇಗಿತ್ತು ಎಂದು ನಮೂನೆಯಲ್ಲಿ ಯಾರೂ ಕೇಳಿರಲಿಲ್ಲ.

ಹೊರಡುವಾಗ ಇಡೀ ಪಂಕ್ತಿ ಎದ್ದು ಬಂತು. ಮಂಟೇಸ್ವಾಮಿ ಹೂವಿನ ಹಾರ ಹಾಕಿದ. ರಾಮಮ್ಮ ತಪ್ಪಲೆ ಕೆರೆದು ಒಂದು ಲೋಟ ಪಾಯಸ ಕೊಟ್ಟಳು. ಪುಟ್ಟಬಸಮ್ಮ ಒದ್ದೆ ಅಂಗಿಯ ಮೇಲೆಯೇ ಬೆನ್ನು ಸವರಿ, “ವೋಗಪ್ಪ, ಎಂಡ್ತಿ ಮಕ್ಳ ಜೊತ ಚೆಂದಾಗಿರು. ನನ್ ಅರ್ಜಿನೂ ಜೊತ್ಗ ಎತ್ಕೊಂಡ್ ವೋಗ್ಬ್ಯಾಡ ಮತ್ತ” ಎಂದಳು. ನಂಜುಂಡಸ್ವಾಮಿಗೆ ನಗುವೂ ಬಂತು, ಅಳುವೂ ಬಂತು. ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಮಂಟೇಸ್ವಾಮಿಯೇ ಅವನನ್ನು ತಾಲ್ಲೂಕು ಆಫೀಸಿನ ಬಾಗಿಲಿಗೆ ತಂದು ಇಳಿಸಿದ.

ನಾಲ್ಕೂ ಇಪ್ಪತ್ತಕ್ಕೆ ವರದಿ ಫ್ಯಾಕ್ಸ್ ಮೆಷಿನ್ನಿನ ಬಾಯಿಗೆ ಹೋಯಿತು. ನಿಂಗರಾಜು ಈ ಸಲ ಹತ್ತಿರ ಒಂದು ಕಾಫಿ ಲೋಟವನ್ನೂ ಬಿಟ್ಟುಕೊಳ್ಳಲಿಲ್ಲ. ಸಾಹೇಬರು ಪ್ರತಿಯನ್ನು ಓದಿ, “ಭೇಷ್ ಕಣ್ರೀ, ನಾನೇ ಅಲ್ಲಿದ್ದಂಗಾಯ್ತು” ಎಂದರು. ಮುಚ್ಚಳ ತೆಗೆದರು. ಸಹಿ ಮಾಡಿದರು. ಸೀಲು ಬಿತ್ತು. ಗಂಟೆ ನಾಲ್ಕೂ ನಲವತ್ತು.

ನಂಜುಂಡಸ್ವಾಮಿ ಬಿಡುಗಡೆಯ ಕಾಗದವನ್ನು ಕೂಸನ್ನು ಎತ್ತಿಕೊಂಡಂತೆ ಎರಡು ಕೈಯಲ್ಲಿ ಹಿಡಿದು, ಹೊರಗಿನ ಬೆಂಚಿನ ಮೇಲೆ ಕೂತು ಟೀ ತರಿಸಿದ. ನಿಂಗರಾಜುಗೂ ತರಿಸಿದ. ಅವನ ಮೇಲಿದ್ದ ಸಿಟ್ಟು ಕೂಡ ಇಳಿದುಹೋಗಿತ್ತು. ಪ್ಯಾಂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಆದರೆ ಮನಸ್ಸು ಆಗಲೇ ಆ ನಾನೂರ ಹದಿನೇಳು ಹೆಜ್ಜೆಗಳನ್ನು ನಡೆಯುತ್ತಿತ್ತು.

ಐದು ಗಂಟೆಗೆ ಒಳಗೆ ಫೋನು ಬಡಿದುಕೊಂಡಿತು. ಸಾಹೇಬರು ಎದ್ದು ನಿಂತು ಮಾತಾಡುತ್ತಿರುವುದು ಅರೆಬಾಗಿಲಿನಿಂದ ಕಾಣಿಸಿತು. “ಹೌದು ಸಾರ್... ನಮ್ಮೋರೇ ಸಾರ್... ಖುದ್ದು ಇಳಿದಿದಾರೆ ಸಾರ್...” ಫೋನು ಇಟ್ಟು, ಬೆವರೊರೆಸಿಕೊಂಡು, “ನಂಜುಂಡಸ್ವಾಮೀ, ಒಳಗೆ ಬನ್ರೀ” ಎಂದರು.

“ಚಂಡಮಾರುತ ಬಂದಿರೋದು ನಿಜಾನೇ. ಆದ್ರೆ ಕರಾವಳೀಲಿ. ಆ ಕಾಗದ ಅವರಿಗೆ ಕ್ರಮಕ್ಕಂತೆ, ನಮಗೆ ಬರೀ ಮಾಹಿತಿಗಂತೆ. ಮೊದಲನೇ ಪುಟದಲ್ಲಿ ಹಾಗಂತ ಇತ್ತಂತೆ.”

ನಂಜುಂಡಸ್ವಾಮಿ ಬಾಗಿಲಲ್ಲಿ ನಿಂತಿದ್ದ ನಿಂಗರಾಜುವನ್ನು ನೋಡಿದ. ನಿಂಗರಾಜು ಫ್ಯಾನು ನೋಡಿದ.

“ಬೈದ್ರಾ ಸಾರ್?”

“ಬೈಯೋದೇನ್ರೀ! ಅಲ್ಲಿ ಕಂಬಗಳೆಲ್ಲ ಉರುಳಿ, ಫೋನು ಸತ್ತು, ಅವರ್ಯಾರಿಗೂ ವರದಿ ಕಳ್ಸೋಕೆ ಆಗಿಲ್ಲ. ಟೈಮಿಗೆ ಸರಿಯಾಗಿ ಹೋಗಿರೋದು ಇಡೀ ರಾಜ್ಯದಲ್ಲಿ ನಮ್ಮದೊಂದೇ. ದೊಡ್ಡ ಸಾಹೇಬರು ಮೂರು ಸಲ ಓದಿಸಿಕೊಂಡ್ರಂತೆ. ‘ಬಿರುಗಾಳಿ ಇಲ್ಲದ ಕಡೇನೇ ಇಷ್ಟು ಮಾಡಿರೋ ಮನುಷ್ಯ, ಇರೋ ಕಡೆ ಬಿಟ್ರೆ ಇನ್ನೆಷ್ಟು ಮಾಡ್ಬಹುದು’ ಅಂದ್ರಂತೆ. ಮೈಸೂರಿಂದ ಜೀಪು ಹೊರಟಿದೆ. ಮುಂದಿನ ಆದೇಶದವರೆಗೆ ನೀವು ಕರಾವಳಿ ಡ್ಯೂಟಿ.”

ನಂಜುಂಡಸ್ವಾಮಿಗೆ ಮತ್ತೆ ಮೂಗಿನವರೆಗೆ ನೀರು ಬಂದಂತಾಯಿತು. “ಸಾರ್! ನಾಳೆ ಬೆಳಿಗ್ಗೆ ನಾನು ನಂಜನಗೂಡಲ್ಲಿ ಹಾಜರಾಗ್ಬೇಕು ಸಾರ್!”

“ನಾನೇನು ಸುಮ್ನೆ ಒಪ್ಪಿಕೊಂಡೆ ಅಂದ್ಕೊಂಡ್ರಾ? ನಮ್ಮಲ್ಲೇ ಸಿಬ್ಬಂದಿ ಕಮ್ಮಿ, ಬಿಟ್ಟುಕೊಡೋಕಾಗಲ್ಲ ಸಾರ್ ಅಂತ ಖಡಾಖಂಡಿತ ಹೇಳಿದೆ. ‘ಅವರು ನಿಮ್ಮ ಸಿಬ್ಬಂದೀನಾ’ ಅಂತ ಕೇಳಿದ್ರು. ಸುಳ್ಳು ಹೇಳೋಕಾಗತ್ತಾ? ಇಪ್ಪತ್ತು ನಿಮಿಷದ ಹಿಂದೆ ಬಿಡುಗಡೆ ಮಾಡಿದೀನಿ ಅಂದೆ. ‘ಹೊಸ ಜಾಗದಲ್ಲಿ ಸೇರಿದಾರಾ’ ಅಂದ್ರು. ಇಲ್ಲ ಅಂದೆ. ‘ಹಾಗಾದ್ರೆ ಸದ್ಯಕ್ಕೆ ಅವರು ಯಾರ ಕೈಕೆಳಗೂ ಇಲ್ಲ. ರಾಜ್ಯದಲ್ಲಿ ಖಾಲಿ ಇರೋ ಒಬ್ಬನೇ ಒಬ್ಬ ಮನುಷ್ಯ, ಕಳಿಸಿ’ ಅಂದ್ರು.”

ನಂಜುಂಡಸ್ವಾಮಿ ಬಿಡುಗಡೆಯ ಕಾಗದವನ್ನು ಸಾಹೇಬರ ಮೇಜಿನ ಮೇಲಿಟ್ಟು ಅವರ ಕಡೆ ತಳ್ಳಿದ.

“ಸಾರ್, ಈ ಸಹಿ ಹೊಡೆದುಹಾಕಿ ಸಾರ್. ನನಗೆ ಟ್ರಾನ್ಸ್‌ಫರ್ ಬೇಡ. ಅತ್ತಿಮರದಹುಂಡೀಲೇ ಇರ್ತೀನಿ. ರಿಟೈರ್ ಆಗೋವರೆಗೂ ಇರ್ತೀನಿ.”

“ಬೆಳಿಗ್ಗೆಯಿಂದ ಇದೇ ಸಹಿಗೆ ಒದ್ದಾಡಿದ್ರಲ್ರೀ!” ಸಾಹೇಬರಿಗೂ ಮರುಕವಾಯಿತು. “ನಿಂಗರಾಜು, ಇದಕ್ಕಿನ್ನೂ ಡಿಸ್ಪ್ಯಾಚ್ ನಂಬರ್ ಹಾಕಿಲ್ಲ ತಾನೇ?”

“ಆಗಲೇ ಹಾಕ್ಬಿಟ್ಟೆ ಸಾರ್” ಎಂದ ನಿಂಗರಾಜು, ಹೆಮ್ಮೆಯಿಂದ. “ಬೆಳಿಗ್ಗೆ ನನ್ನಿಂದ ಇವರಿಗೆ ತೊಂದರೆ ಆಯ್ತಲ್ಲ ಅಂತ ಬೇಜಾರಾಗಿತ್ತು. ಇದೊಂದಾದ್ರೂ ತಡ ಮಾಡಬಾರದು ಅಂತ ಸೀಲು ಒಣಗೋಕೆ ಮುಂಚೆ ಹಾಕ್ಬಿಟ್ಟೆ. ನಂಜನಗೂಡಿಗೂ ಒಂದು ಪ್ರತಿ ಹೋಗಿದೆ ಸಾರ್.”

ಆಫೀಸಿನ ಎದುರಿನ ಎಸ್.ಟಿ.ಡಿ. ಬೂತಿನಲ್ಲಿ ಗಾಜಿನ ಬಾಗಿಲು ಎಳೆದುಕೊಂಡು ನಂಜುಂಡಸ್ವಾಮಿ ಮನೆಗೆ ಫೋನು ಮಾಡಿದ. ಸಂಜೆಯ ಬಿಸಿಲು ಗಾಜಿನ ಮೂಲಕ ಮುಖಕ್ಕೆ ಹೊಡೆಯುತ್ತಿತ್ತು. ಮೊದಲ ರಿಂಗಿಗೇ ಹೇಮಲತಾ ಎತ್ತಿಕೊಂಡಳು.

“ಸಹಿ ಆಯ್ತೇನ್ರೀ?”

“ಆಯ್ತು.”

“ಸದ್ಯ! ನಾಳೆ ಮಧ್ಯಾಹ್ನಕ್ಕೆ ಏನ್ ಮಾಡ್ಲಿ ಹೇಳಿ. ಹುರುಳಿಕಾಳು ನೆನೆಹಾಕಿದೀನಿ. ಬಿಸಿಬಿಸಿ ಸಾರು ಮಾಡ್ತೀನಿ. ಒಂದು ಗಂಟೆಗೆ ಬಂದ್ಬಿಡ್ತೀರಾ ತಾನೇ?”

ರಸ್ತೆಯ ತುದಿಯಲ್ಲಿ ಧೂಳೆಬ್ಬಿಸಿಕೊಂಡು ಒಂದು ಜೀಪು ಬರುತ್ತಿತ್ತು. ನಂಜುಂಡಸ್ವಾಮಿ ಅದನ್ನೇ ನೋಡುತ್ತ ಕೇಳಿದ:

“ಹೇಮಾ, ನಮ್ಮನೇಲಿ ದೊಡ್ಡ ಛತ್ರಿ ಏನಾದ್ರೂ ಇದೆಯಾ?”

“ಅಯ್ಯೋ, ಇಷ್ಟೊಂದು ಬಿಸಿಲಿಟ್ಕೊಂಡು ಛತ್ರಿ ಯಾಕ್ರೀ?”